ಹಲ್ಲಿನ ಡಾಕ್ಟರ ಹಳೇ ಕಾರು

ಹಲ್ಲಿನ ಡಾಕ್ಟರಿಗೆ ಹಳೆಯ ವಸ್ತುಗಳೆಂದರೆ ಪ್ರಾಣ ಎಂದರೆ ಅವರ ರೋಗಿಗಳು ನಂಬುವುದಿಲ್ಲ. ಅಜ್ಜಂದಿರ ಬಾಯಿಯಲ್ಲಿ ಜೀವಮಾನವಿಡೀ ದುಡಿದ ಹಲ್ಲನ್ನು ಮುಲಾಜಿಲ್ಲದೆ ಕಿತ್ತೆಸೆಯುವ ಆಸಾಮಿ ಅವರು. ಆದರೆ ಮನೆಯ ಶೆಡ್ಡಿನಲ್ಲಿರುವ ಕಡುಹಸಿರು ಕಾರಿನ ಮಾತೇ ಬೇರೆ. ದುಂಡು ದೀಪ, ಮರದ ಡ್ಯಾಶ್‌ಬೋರ್ಡು, ಹಿಸುಕಿದರೆ ಬಾತುಕೋಳಿಯಂತೆ ಕೂಗುವ ಹಾರ್ನು. ದಿನಾ ಬೆಳಿಗ್ಗೆ ಅದರ ಮೈ ಒರೆಸಿಯೇ ಅವರಿಗೆ ಕಾಫಿ. (ತಮ್ಮ ಕನ್ನಡಕ ಒರೆಸಿಕೊಳ್ಳಲು ಮಾತ್ರ ಪುರುಸೊತ್ತಿಲ್ಲ.)

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಕಲಿಸುತ್ತಾರೆ. ಕಲಿಯುವವರು ಹೆಚ್ಚಾಗಿ, ಹೊಲಿಗೆ ಯಂತ್ರಗಳು ಅಡುಗೆಮನೆಗೂ ನುಗ್ಗಿ, ಹಿಟ್ಟಿನ ಡಬ್ಬಿಯಲ್ಲಿ ಗುಂಡಿಗಳು ಸಿಗತೊಡಗಿದಾಗ ಆಕೆಯ ಕಣ್ಣು ಶೆಡ್ಡಿನ ಮೇಲೆ ಬಿತ್ತು.

"ಊರವರ ಹಲ್ಲು ಚೂರು ಅಲ್ಲಾಡಿದ್ರೂ ಕಿತ್ತು ಬಿಸಾಡ್ತೀರಲ್ಲ, ಈ ಗಾಡೀಲಿ ಅಲ್ಲಾಡದೇ ಇರೋ ಒಂದು ಭಾಗ ತೋರಿಸಿ ನೋಡೋಣ!"

"ಲೇ, ಇದರಲ್ಲಿ ಒಬ್ಬ ರಾಜಕುಮಾರ ಓಡಾಡಿದ್ದ ಕಣೇ!"

"ಹೋದ ತಿಂಗಳು ಯಾರೋ ಜಮೀನ್ದಾರ ಅಂದಿದ್ರಿ. ಇನ್ನೊಂದು ತಿಂಗಳು ಬಿಟ್ರೆ ಚಕ್ರವರ್ತಿ ಆಗ್ತಾನೆ."

ಕೊನೆಗೆ ಒಂದು ಐತಿಹಾಸಿಕ ಒಪ್ಪಂದವಾಯಿತು. ಆ ವಾರ ಊರ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅಲ್ಲಿ ಪೂರಾ ಒಂದು ಸುತ್ತು ಬಂದರೆ ಕಾರು ಉಳಿಯುತ್ತದೆ. ನಡುವೆ ನಿಂತರೆ ಗುಜರಿಗೆ, ಶೆಡ್ಡು ಹೊಲಿಗೆಗೆ. ಡಾಕ್ಟರು ಮೀಸೆ ತಿರುವಿ ಒಪ್ಪಿದರು.

ಪ್ರದರ್ಶನದ ದಿನ ಕಾರಿನ ಸುತ್ತ ಜನವೋ ಜನ. ರಾಜಕುಮಾರನ ಕಥೆ ಕೇಳಿ ಕೆಲವರು ಸೀಟನ್ನು ಭಕ್ತಿಯಿಂದ ಮುಟ್ಟಿಯೂ ನೋಡಿದರು. ಹೆಸರು ಕೂಗಿದಾಗ ಡಾಕ್ಟರು ಗತ್ತಿನಿಂದ ಸ್ಟೀರಿಂಗ್ ಹಿಡಿದು ಕೂತು ಕೀಲಿ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಆಗ ಅವರಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷದಲ್ಲಿ ಅವರು ಕಾರನ್ನು ಸ್ಟಾರ್ಟ್ ಮಾಡಿದ್ದೇ ಇಲ್ಲ! ಹೆಂಡತಿ ಸ್ಟೀರಿಂಗ್ ಮುಂದೆ ಕೂರುವುದು, ಡಾಕ್ಟರು ಹಿಂದಿನಿಂದ ತಳ್ಳುವುದು, ಗೇಟು ದಾಟಿ ಎಂಜಿನ್ ಗುಡುಗಿದ ಕೂಡಲೇ ಆಕೆಯನ್ನು ಪಕ್ಕಕ್ಕೆ ಸರಿಸಿ ತಾವು ಕೂರುವುದು, ಇದೇ ಮನೆಯ ಪದ್ಧತಿ. ಈಗ ಗೆಲ್ಲಬೇಕಾದರೆ ಎದುರಾಳಿಯನ್ನೇ ಸಾರಥಿ ಮಾಡಬೇಕು. ಆಕೆ ಪೆಡಲ್ ಮೇಲಿನ ಕಾಲು ಸ್ವಲ್ಪ ತಪ್ಪಿಸಿದರೂ ಕಾರು ನಿಂತು ಶೆಡ್ಡು ಆಕೆಯದು.

"ಸ್ವಲ್ಪ ಬಾರೇ, ಕೈಮುಗೀತೀನಿ."

ಆಕೆ ನಗುತ್ತಾ ಬಂದು ಕೂತರು. ಡಾಕ್ಟರು ತಳ್ಳಿದರು. ಕಾರು ಗುಡುಗಿತು, ಹೊರಟಿತು, ಮತ್ತೆ ನಿಲ್ಲಲೇ ಇಲ್ಲ.

"ನಿಲ್ಲಿಸೇ, ನಾನು ಹತ್ತಬೇಕು!"

"ನಿಲ್ಸಿದ್ರೆ ಷರತ್ತಲ್ಲಿ ನೀವು ಸೋತ ಹಾಗೆ ಅಲ್ವೇನ್ರೀ!"

ಶೆಡ್ಡಿನಿಂದ ಗೇಟಿನವರೆಗೆ ಮಾತ್ರ ಓಡಿಸಿ ಗೊತ್ತಿದ್ದ ಹೆಂಗಸಿನ ಮುಂದೆ ಇಡೀ ಮೈದಾನ ತೆರೆದುಕೊಂಡಿತ್ತು. ಜನ ಚಪ್ಪಾಳೆ ತಟ್ಟಿದರು, ಮಕ್ಕಳು ಕೈಬೀಸಿದರು, ಆಕೆ ಹಾರ್ನ್ ಹಿಸುಕಿ ಉತ್ತರ ಕೊಟ್ಟರು. ಏದುಸಿರು ಬಿಡುತ್ತಾ ಹಿಂದೆ ಓಡುತ್ತಿದ್ದ ಡಾಕ್ಟರನ್ನು ಯಾರೂ ಗಮನಿಸಲಿಲ್ಲ. ಸುತ್ತು ಮುಗಿಸಿ ಇಳಿದಾಗ ಆಕೆಯ ಮುಖ ಅರಳಿತ್ತು.

"ಗೆದ್ರಿ ನೀವು. ಇಂಥಾ ಕಾರನ್ನ ಗುಜರಿಗೆ ಹಾಕೋಕೆ ಯಾರಿಗಾದ್ರೂ ಮನಸ್ಸು ಬರತ್ತಾ?"

ಡಾಕ್ಟರು ಸಂತೋಷದಿಂದ ಕಾರಿನ ಬೆನ್ನು ತಟ್ಟಿದರು. ಹೊಲಿಗೆ ಯಂತ್ರಗಳು ಅವರ ಓದುವ ಕೋಣೆಗೆ ಹೋದವು. ಅವನ್ನು ಹೊತ್ತು ಸಾಗಿಸಿದವರೂ ಅವರೇ.

ಮುಂದಿನ ಭಾನುವಾರ ಹೆಂಡತಿ ಸ್ಟೀರಿಂಗ್ ಮುಂದೆ, ಪಕ್ಕದ ಸೀಟಿನಲ್ಲಿ ಆಕೆಯ ಅಕ್ಕ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ತಲೆ ಬಾಚಿಕೊಂಡು ಬಂದ ಡಾಕ್ಟರು ಹಿಂದಿನ ಬಾಗಿಲಿಗೆ ಕೈ ಹಾಕಿದರು.

ಹೆಂಡತಿ ಕನ್ನಡಿಯಲ್ಲೇ ನೋಡಿ ಕೇಳಿದರು, "ಅಲ್ರೀ, ನೀವೂ ಹತ್ತಿ ಕೂತ್ರೆ ತಳ್ಳೋರು ಯಾರು?"