ಕಂಬಳಿ ಹೊದ್ದ ಕುಲ್ಫಿ

"ಈ ಸಲ ನಿನಗ ಮಾಹಿಮದ ಕುಲ್ಫಿ ತಿನ್ನಸದಿದ್ರ ನಾ ಬೀರೋಬಾನ ಭಕ್ತನೇ ಅಲ್ಲ!"

ಹೀಗೆಂದು ಎದೆ ತಟ್ಟಿಕೊಂಡು ಬೀರಣ್ಣ ಕಂಬಳಿಯ ಗಂಟನ್ನು ಹೆಗಲಿಗೇರಿಸಿದ. ಮೈಂದರ್ಗಿಯ ಸುತ್ತಲಿನ ಹಳ್ಳಿಗಳಲ್ಲಿ ಅವನಷ್ಟು ಬಿಗಿಯಾಗಿ ಕಂಬಳಿ ನೇಯುವವರು ಇನ್ನೊಬ್ಬರಿರಲಿಲ್ಲ. ಊರವರು ಹಾಗೆನ್ನುತ್ತಿದ್ದರೋ ಇಲ್ಲವೋ, ಅವನಂತೂ ದಿನಾ ಅನ್ನುತ್ತಿದ್ದ!

"ಕರಗತದಂತ ನೀವೇ ಹೇಳೀರಿ. ಹ್ಯಾಂಗ ತರತೀರಿ?" ಎಂದಳು ಹೆಂಡತಿ ಸುಗಲಾಬಾಯಿ.

"ಅದು ಗಂಡಸರ ಕೆಲಸ. ನೀ ಗಂಗಾಳ ತೊಳದಿಡು."

ಹೋದ ವರ್ಷ ಕಂಬಳಿ ಮಾರಲು ಮುಂಬಯಿಗೆ ಹೋದವನು ಮಾಹಿಮದ ಕಡಲ ದಂಡೆಯಲ್ಲಿ ದಾರಿ ತಪ್ಪಿದ್ದ. ಮೀನುಗಾರರು, ಟಾಂಗಾದವರು, ಟೊಪ್ಪಿಗೆಯ ಕಾರಕೂನರು, ಎಲ್ಲರೂ ಒಂದೇ ಗಲ್ಲಿಗೆ ನುಗ್ಗುತ್ತಿದ್ದರು. ಯಾರೋ ತೀರಿಕೊಂಡಿರಬೇಕೆಂದು ಇವನೂ ಮುಖ ಸಪ್ಪಗೆ ಮಾಡಿಕೊಂಡು ಹಿಂದೆ ಹೋದ. ನೋಡಿದರೆ ಕುಲ್ಫಿ! ಒಬ್ಬ ಮುದುಕ ತಗಡಿನ ಅಚ್ಚನ್ನು ಅಂಗೈಯಲ್ಲಿ ಉಜ್ಜಿ, ಕಲ್ಲಾದ ಹಾಲನ್ನು ಎಲೆಯ ಮೇಲೆ ಜಾರಿಸುತ್ತಿದ್ದ. ಮೊದಲ ತುತ್ತಿಗೆ ಬೀರಣ್ಣನ ಹಲ್ಲು ಜುಮ್ಮೆಂದವು. ಎರಡನೆಯದಕ್ಕೆ ಸುಗಲಾ ನೆನಪಾದಳು. ಮೂರನೆಯದು ಎಲೆಯ ಮೇಲೆಯೇ ಕರಗಿತು. ಮದುವೆಯಾಗಿ ಹದಿನಾರು ವರ್ಷವಾದರೂ ಅವಳು ಅಕ್ಕಲಕೋಟ ದಾಟಿದವಳಲ್ಲ. ಇಷ್ಟು ಚೆಂದದ್ದನ್ನು ಒಬ್ಬನೇ ತಿನ್ನಬೇಕಲ್ಲ ಎಂದು ಅವನಿಗೆ ಅಳುವೇ ಬಂದಿತ್ತು.

ಅಂದಿನಿಂದ ಮನೆಯಲ್ಲಿ ಅದೇ ಮಾತು. ರೊಟ್ಟಿ ಬಡಿಯುತ್ತಿದ್ದ ಸುಗಲಾಬಾಯಿ ನಡುವೆ ಕೈ ನಿಲ್ಲಿಸಿ, "ಕಡಲ ಗಾಳಿಯಾಗ ಕೂತು ತಿಂದ್ರಿ?" ಎಂದು ಮತ್ತೆ ಮತ್ತೆ ಕೇಳುವಳು.

ಈ ಸಲ ಮುಂಬಯಿಯಲ್ಲಿ ಕಂಬಳಿಗಳೆಲ್ಲ ಬಿಕರಿಯಾಗಿ ಒಂದೇ ಉಳಿಯಿತು. ಮಾಹಿಮದ ಆ ಮುದುಕ ಕುಲ್ಫಿ ತುಂಬಿದ ನಾಲ್ಕು ಅಚ್ಚುಗಳನ್ನು ಗಡಿಗೆಯಲ್ಲಿಟ್ಟು, ಬರ್ಫದ ಗಡ್ಡೆ, ಉಪ್ಪು ತುಂಬಿ, ಅದೇ ಕಂಬಳಿಯನ್ನು ಸುತ್ತಿ ಬಿಗಿದು ಕಟ್ಟಿದ. ಮನೆ ಮುಟ್ಟುವ ತನಕ ಬಿಚ್ಚಲೇಬೇಡ ಎಂದು ಮೂರು ಸಲ ಹೇಳಿದ.

ರೈಲಿನಲ್ಲಿ ಪುಣೆಯವರೆಗೆ ಬೀರಣ್ಣ ಗಡಿಗೆಯನ್ನು ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ದೌಂಡ್ ಬಂದಾಗ ತಲೆಯಲ್ಲಿ ಜ್ಞಾನೋದಯವಾಯಿತು. ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಬೆಚ್ಚಗಾದರೆ ಕುಲ್ಫಿ ಕರಗುತ್ತದೆ! ಹುಟ್ಟಿದಾಗಿನಿಂದ ಕಂಬಳಿ ನೇಯುವವನಿಗೆ ಕಂಬಳಿಯ ಗುಣವನ್ನು ಕುಲ್ಫಿಯವನು ಕಲಿಸುವುದೆ? ಸರಸರ ಕಂಬಳಿ ಬಿಚ್ಚಿದ. ಗಡಿಗೆಯನ್ನು ಕಿಟಕಿಯ ಗಾಳಿಗೆ ಹಿಡಿದ. ಗಾಳಿ ಜೋರಾಗಿದ್ದರಿಂದ ಕಂಬಳಿಯನ್ನು ತಾನೇ ಹೊದ್ದುಕೊಂಡ!

ಕುರ್ಡುವಾಡಿ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತವನು ಧೋತರ ಎತ್ತಿಕೊಂಡು ಕೂಗಿದ. "ಏ ಕಂಬಳಿ ಅಣ್ಣಾ, ನಿನ್ನ ಗಡಗಿ ಸೋರಾಕತ್ತದ!"

"ಸೋರೂದಲ್ಲೋ, ಬೆವರಾಕತ್ತದ. ಇಷ್ಟೊತ್ತನ ಕಂಬಳಿಯಾಗ ಕುದ್ದದ ನೋಡು," ಎಂದು ಬೀರಣ್ಣ ಗಡಿಗೆಯನ್ನು ಇನ್ನಷ್ಟು ಹೊರಗೆ ಹಿಡಿದ.

ಮನೆಯಲ್ಲಿ ಸುಗಲಾಬಾಯಿ ಮದುವೆಯ ಸೀರೆ ಉಟ್ಟು, ತೊಳೆದ ಗಂಗಾಳ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಬೀರಣ್ಣ ಅಚ್ಚಿನ ಮುಚ್ಚಳ ತೆಗೆದು ಬೋರಲು ಹಾಕಿದ. ಬುಳುಬುಳು ಎಂದು ಹಾಲು ಸುರಿಯಿತು. ಎರಡನೆಯದೂ ಅಷ್ಟೆ. ಮೂರನೆಯದೂ ನಾಲ್ಕನೆಯದೂ ಹಾಗೇ ಸುರಿದವು. ಆಗಿದ್ದನ್ನೆಲ್ಲ ಒಪ್ಪಿಕೊಂಡ.

ಅವಳು ಬೈಯಲಿಲ್ಲ. "ಉರಿಬಿಸಲಾಗ ಕುರಿ ಕಾಯಾಕ ಹೋಗೂಮುಂದ ತಲಿ ಮ್ಯಾಲ ಏನ ಹಾಕೋತೀರಿ?"

"ಕಂಬಳಿ."

"ಯಾಕ?"

"ಬಿಸಲ ತಾಕಬಾರದಂತ..." ಎಂದ ಬೀರಣ್ಣ ಹೆಗಲ ಮೇಲಿನ ಕಂಬಳಿಯನ್ನು ತಡವಿ ನೋಡಿದ.

ಸುಗಲಾಬಾಯಿ ಗಂಗಾಳ ಎತ್ತಿ ಒಂದು ಗುಟುಕು ಕುಡಿದಳು. ಉಪ್ಪುನೀರು ಸೇರಿದ ಹಾಲು. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದಳು. "ಕೆಟ್ಟು ಹೋದದ್ದೇ ಇಷ್ಟು ಚಲೋ ಅದ..." ಎಂದು ನಿಟ್ಟುಸಿರು ಬಿಟ್ಟಳು.

ಬೀರಣ್ಣ ಮತ್ತೆ ಎದೆ ತಟ್ಟಿಕೊಂಡ. "ಬರೂ ವರ್ಷ ಎರಡು ಕಂಬಳಿ ಸುತ್ತಿ ತರತೀನಿ! ಬೀರೋಬಾನ ಆಣಿ!"

"ತರೂದೇನೂ ಬ್ಯಾಡ್ರಿ," ಎಂದಳು ಸುಗಲಾಬಾಯಿ, ತುಟಿ ಒರೆಸಿಕೊಳ್ಳುತ್ತ. "ನನ್ನೇ ಅಲ್ಲಿಗಿ ಕರಕೊಂಡು ಹೋಗ್ರಿ. ನಾ ಏನ ದಾರಿಯಾಗ ಕರಗೂದಿಲ್ಲ."