ನೀರೊಳಗಿನ ಊರಿಗೊಂದು ಮತಕ್ಷೇತ್ರ

ಅರ್ಧಂಬರ್ಧ ಇಂಗ್ಲಿಷ್ ಬಲ್ಲವನು ಸಣ್ಣ ಊರಿನಲ್ಲಿ ಮನೆ ಮಾಡಬಾರದು. ಪೂರ್ತಿ ಬಲ್ಲವರಿಗೆ ಮರ್ಯಾದೆ ಸಿಗುತ್ತದೆ, ಏನೂ ಬಾರದವರಿಗೆ ನಿದ್ದೆಯಾದರೂ ಸಿಗುತ್ತದೆ. ನಡುವೆ ಸಿಕ್ಕಿಬಿದ್ದವನಿಗೆ ಎರಡೂ ಇಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ನಮ್ಮ ಓಣಿಯಲ್ಲಿ ಯಾರ ಮನೆಗೆ ತಂತಿ ಬಂದರೂ ಅದು ಮೊದಲು ನನ್ನ ಮನೆಗೆ ಬರುತ್ತಿತ್ತು. ಗೊಬ್ಬರದ ಚೀಲದ ಮೇಲಿನ ಅಕ್ಷರ, ಕೆಮ್ಮಿನ ಔಷಧದ ಬಾಟಲಿ, ಹೊಲಿಗೆ ಯಂತ್ರದ ಜೊತೆಗೆ ಬಂದ ಪುಸ್ತಕ, ಎಲ್ಲಕ್ಕೂ ನಾನೇ ಅರ್ಥ ಹೇಳಬೇಕು. ಗೊತ್ತಿಲ್ಲ ಎಂದರೆ, ‘ಸಾಲ್ಯಾಗ ಮತ್ತೇನ ಕಲಸ್ತಾರೋ ಏನೋ’ ಎಂದು ಗೊಣಗುತ್ತ ಹೋಗುತ್ತಿದ್ದರು.

ಸಾಲದ್ದಕ್ಕೆ ನಾನು ಹುಟ್ಟಾ ಚಡಪಡಿಕೆಯ ಮನುಷ್ಯ. ಬಸ್ಸು ಹತ್ತಕ್ಕೆ ಎಂದರೆ ಎಂಟಕ್ಕೇ ಸ್ಟ್ಯಾಂಡಿನಲ್ಲಿರುತ್ತೇನೆ. ಬಸ್ಸು ಬಂದ ಮೇಲೆ ಇದೇ ಬಸ್ಸೋ ಅಲ್ಲವೋ ಎಂದು ಇಳಿದು ಇಳಿದು ಕೇಳಿ ಕಂಡಕ್ಟರನ ಕೈಲಿ ಬೈಸಿಕೊಳ್ಳುತ್ತೇನೆ. ಹಾಲು ಉಕ್ಕುವ ಮೊದಲೇ ‘ಉಕ್ತು, ಉಕ್ತು’ ಎಂದು ಕೂಗುವ ನನ್ನನ್ನು ನನ್ನ ಹೆಂಡತಿ ನೀಲವ್ವ ಮದುವೆಯಾದ ತಿಂಗಳೊಪ್ಪತ್ತಿನಲ್ಲೇ ಅಡಿಗೆಮನೆಯಿಂದ ಗಡಿಪಾರು ಮಾಡಿದ್ದಳು. ‘ನಿಮ್ಮ ಅಂಗಾಲಾಗ ಇರವಿ ಗೂಡ ಕಟ್ಯಾವ’ ಎನ್ನುವುದು ಅವಳ ರೋಗನಿದಾನ. ಇಂಥವನ ತಲೆಯ ಮೇಲೆ ಒಂದು ಇಡೀ ಊರು ಬಂದು ಕೂತರೆ ಏನಾಗಬಹುದು, ನೀವೇ ಯೋಚಿಸಿ.

ಊರಿನ ಹೆಸರು ಹಿರೇಬಾವಿ. ನನ್ನ ಹೆಂಡತಿಯ ತವರು. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದಾಗ ಮಲಪ್ರಭೆಯ ಹಿನ್ನೀರು ಬಂದು ಊರು ತನ್ನ ಹೆಸರಿಗೆ ತಕ್ಕ ಹಾಗೆ ದೊಡ್ಡದೊಂದು ಬಾವಿಯಾಗಿಬಿಟ್ಟಿತು. ಅರ್ಧ ಜನಕ್ಕೆ ಬೈಲಹೊಂಗಲದ ಕಡೆಯ ಕಲ್ಲು ದಿಣ್ಣೆಯ ಮೇಲೆ ಜಾಗ ಸಿಕ್ಕಿತು, ಉಳಿದರ್ಧ ಜನಕ್ಕೆ ಸವದತ್ತಿಯ ಕಡೆ. ಮೊದಲಿನದು ಮೇಲಿನ ಹಿರೇಬಾವಿ, ಇನ್ನೊಂದು ಕೆಳಗಿನ ಹಿರೇಬಾವಿ. ಎರಡರಲ್ಲೂ ಬಾವಿ ಮಾತ್ರ ಇರಲಿಲ್ಲ. ನನ್ನ ಮಾವ ಚನ್ನಬಸಪ್ಪನವರು ಮೇಲಿನ ಹಿರೇಬಾವಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಅವರ ಅಕ್ಕ ಗಂಗವ್ವನೂ ಅಲ್ಲೇ ಇದ್ದಳು. ಆಕೆಯ ಹೆಣ್ಣುಮಕ್ಕಳನ್ನು ಹಳೆಯ ಊರೊಳಗೇ, ನಾಲ್ಕು ಮನೆಯಾಚೆ ಕೊಟ್ಟಿದ್ದರು. ಊರು ಎದ್ದು ಹೋಗುವಾಗ ಅವರು ಕೆಳಗಿನ ಹಿರೇಬಾವಿಯ ಪಾಲಾದರು. ನಾಲ್ಕು ಮನೆಯ ದೂರಕ್ಕೆ ಈಗ ಎರಡು ಬಸ್ಸು ಬದಲಿಸಬೇಕಾಗಿತ್ತು.

ಒಂದು ದಿನ ಬೆಳಗಿನ ಬಸ್ಸಿಗೆ ಮಾವ ಬಂದಿಳಿದರು. ಚಹಾ ಸಹ ಕುಡಿಯಲಿಲ್ಲ. ‘ಅಳಿಯಂದಿರ, ಅಂಗಿ ಹಾಕ್ಕೊರಿ. ಕಚೇರಿ ಗ್ವಾಡಿಗೆ ಏನೋ ಇಂಗ್ಲಿಷಿನಾಗ ಅಂಟಿಸ್ಯಾರ. ಓಟಿನ ಸೀಮಿ ಹೊಸದಾಗಿ ಹಾಕಾಕ ಹತ್ಯಾರಂತ. ನಮ್ಮೂರ ಯಾವ ಕಡೆ ಬಿದ್ದೈತಿ ನೋಡಿ ಹೇಳ್ರಿ’ ಎಂದರು. ನನಗೋ ಅಂಗಾಲಿನ ಇರುವೆಗಳು ಎದ್ದಾಗಿತ್ತು. ಇಬ್ಬರೂ ಹೋದೆವು. ಯಾವ ಕಚೇರಿ ಎಂದು ಹೇಳುವುದು ಬೇಡ, ಎಲ್ಲ ಕಚೇರಿಗಳ ಸೂಚನಾ ಫಲಕವೂ ಒಂದೇ ತಾಯಿಯ ಮಕ್ಕಳು. ತಂತಿ ಜಾಲರಿ, ಜಾಲರಿಗೆ ಬೀಗ, ಬೀಗಕ್ಕೆ ತುಕ್ಕು. ಒಳಗೆ ಮತಕ್ಷೇತ್ರಗಳ ಪುನರ್ವಿಂಗಡಣೆಯ ಕರಡು ಇತ್ತು. ಆದರೆ ಅದರ ಅರ್ಧದ ಮೇಲೆ ಜಾಲಿಮರಗಳ ಹರಾಜಿನ ನೋಟೀಸು ಕೂತಿತ್ತು. ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು ಎಂಬ ಸಾಲು ಕಾಣುತ್ತಿತ್ತು, ಯಾವ ದಿನದೊಳಗೆ ಎಂಬುದು ಜಾಲಿಮರದ ಕೆಳಗಿತ್ತು. ನಾನು ಜಾಲರಿಗೆ ಮೂಗು ಒತ್ತಿ, ಬಗ್ಗಿ, ಕತ್ತು ತಿರುಚಿ ಓದಲು ಹೆಣಗುತ್ತಿದ್ದರೆ ಒಳಗಿನಿಂದ ಒಬ್ಬ ಗುಮಾಸ್ತರು, ‘ಏನ್ರೀ ಮಾಸ್ತರ, ಜಾಲಿ ಗಿಡಾ ತಗೋಳವ್ರೇನು?’ ಎಂದು ಕೇಳಿದರು.

ಕೊನೆಗೂ ಹಿರೇಬಾವಿ ಸಿಕ್ಕಿತು. ಸವದತ್ತಿ ಕ್ಷೇತ್ರದ ಹಳ್ಳಿಗಳ ಸಾಲಿನಲ್ಲಿ ಇತ್ತು, ಆದರೆ ಹಳೆಯ ಹಿರೇಬಾವಿ. ಮೇಲಿನದೂ ಇಲ್ಲ, ಕೆಳಗಿನದೂ ಇಲ್ಲ. ಹಳೆಯ ಜನಗಣತಿಯ ಪಟ್ಟಿಯನ್ನು ಯಾರೋ ಇದ್ದ ಹಾಗೇ ಇಳಿಸಿಕೊಂಡಿದ್ದರು.

‘ನಮ್ಮೂರ ಎಲ್ಲೈತ್ರಿ?’ ಎಂದರು ಮಾವ.

‘ನೀರಾಗ ಐತ್ರಿ ಮಾವಾರ.’

‘ಅಂದ್ರ ಓಟ ಯಾರ ಹಾಕವ್ರು, ಮೀನಾ?’

ಮಾವನವರು ಅದನ್ನು ನಗಿಸಲು ಹೇಳಲಿಲ್ಲ. ಹೊಲ ಹೋಯಿತು, ಮನೆ ಹೋಯಿತು, ಈಗ ಕಾಗದದ ಮೇಲೂ ತಾವು ನೀರಿನಡಿಗೇ ಇದ್ದೇವೆ ಎಂಬುದು ಅವರಿಗೆ ಬಹಳ ತಾಗಿತ್ತು. ‘ನಾವು ಜೀವಂತ ಅದೀವಿ ಅಂತ ಬರೀರಿ’ ಎಂದರು. ‘ಮ್ಯಾಲಿನ ಹಿರೇಬಾವಿ ಬೈಲಹೊಂಗಲಕ್ಕ ಕೂಡಸ್ರಿ ಅಂತ ಬರೀರಿ. ಹತ್ತಿ ಮಾರೂದು ಇಲ್ಲಿ, ಮಗಳ ಮನಿ ಇಲ್ಲಿ. ಆ ಕಡೆ ನಮಗೇನೈತಿ?’

ಬರೆದೆ ನೋಡಿ! ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ತರಗತಿಯಲ್ಲಿ ವ್ಯಾಕರಣ ಹೇಳುತ್ತ ಹೇಳುತ್ತ ಒಂದು ಒಳ್ಳೆಯ ಶಬ್ದ ಹೊಳೆದು ಸೀಮೆಸುಣ್ಣದಿಂದ ಕೈಮೇಲೇ ಬರೆದುಕೊಂಡೆ. ಊಟದ ನಡುವೆ ಎದ್ದು ಹೋಗಿ ಒಂದು ವಾಕ್ಯ ಕೆಡಿಸಿ ಬಂದೆ. ಶಾಲೆಯ ಟೈಪ್‌ರೈಟರಿನ ಮುಂದೆ ಕೂತು, ಹಳ್ಳಿಯ ಜನ ಒಂದು ಉಸಿರಿನಲ್ಲಿ ಹೇಳಬಹುದಾದ ಮಾತನ್ನು ನಾಲ್ಕು ಪುಟಕ್ಕೆ ಎಳೆದೆ. ‘ಸರಳ ಮನಸ್ಸಿನ, ಅಕ್ಷರವರಿಯದ ಈ ಅರ್ಜಿದಾರರು ಮುಳುಗಡೆಯಾಗಿದ್ದರೂ ಅಸ್ತಿತ್ವದಲ್ಲಿ ಮುಂದುವರಿದಿದ್ದಾರೆ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ನಾನು ಎಷ್ಟು ಸಲ ಗಟ್ಟಿಯಾಗಿ ಓದಿಕೊಂಡೆನೆಂದರೆ ನೀಲವ್ವ ಒಳಗಿನಿಂದ ಬಂದು, ‘ಅದೇನ ಮಂತ್ರಾರೀ?’ ಎಂದಳು.

‘ನಿಮ್ಮೂರಿನ ಅರ್ಜಿ.’

‘ಊರಾಗಿನವ್ರಿಗೆ ಓದಿ ಹೇಳೀರೇನು?’

‘ಅವರಿಗೆ ಇಂಗ್ಲಿಷ್ ತಿಳೀತದೇನು? ಮತ್ತ ಟೈಮ್ ಎಲ್ಲೈತಿ?’

‘ಕನ್ನಡ ತಿಳೀತದಲ್ಲ’ ಎಂದವಳು ಒಳಗೆ ಹೋದಳು. ಹೆಂಡತಿಯರು ಇಂಥ ಮಾತುಗಳನ್ನು ಹೇಳಿ ಒಳಗೆ ಹೋಗಿಬಿಡುತ್ತಾರೆ, ಉತ್ತರ ಹೊಳೆಯುವಷ್ಟರಲ್ಲಿ ಅಲ್ಲಿ ಒಗ್ಗರಣೆಯ ಸದ್ದು ಶುರುವಾಗಿರುತ್ತದೆ. ಮಾವ ಅರ್ಜಿಯನ್ನು ಊರಿಗೆ ಒಯ್ದು, ಅಳಿಯ ಬರೆದದ್ದು ಎಂಬ ಒಂದೇ ಹೆಮ್ಮೆಯ ಮೇಲೆ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಕಳಿಸಿದರು.

ಬೆಳಗಾವಿಯಲ್ಲಿ ಬಹಿರಂಗ ವಿಚಾರಣೆ ಎಂದು ಕರೆ ಬಂತು. ಗಂಡಸರು ಇಬ್ಬರು ಮೂವರು ಹೋದರೆ ಸಾಕೆಂದು ಮಾವ ನಿರ್ಧರಿಸಿದ್ದರು. ಗಂಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳಂತೆ. ‘ನೀರಾಗ ಮುಳುಗಿದ್ದು ಬರೇ ಗಂಡಸರ ಮನಿ ಅಲ್ಲ. ನಮ್ಮ ಒಲಿನೂ ಮುಳಗ್ಯಾವ’ ಎಂದಳಂತೆ. ಅಷ್ಟೇ ಅಲ್ಲ, ಕೆಳಗಿನ ಹಿರೇಬಾವಿಯ ಹೆಣ್ಣುಮಕ್ಕಳಿಗೂ ಹೇಳಿ ಕಳಿಸಿದಳು. ನಾನು ನೀಲವ್ವನಿಗೆ, ‘ನಿನ್ನ ಓಟು ಬೈಲಹೊಂಗಲದಾಗ ಐತಿ, ನೀ ಯಾಕ?’ ಎಂದೆ. ‘ಓಟ ಇಲ್ಲಿ ಇದ್ರ ಇರಲಿ, ಬಾಯಿ ನಮ್ಮೂರಿಂದ ತಂದದ್ದು’ ಎಂದು ರೊಟ್ಟಿಯ ಗಂಟು ಎತ್ತಿಕೊಂಡಳು.

ವಿಚಾರಣೆಯ ಸಭಾಗೃಹದಲ್ಲಿ ಮುಂದಿನ ಕುರ್ಚಿಗಳೆಲ್ಲ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆಗಳಿಂದ ತುಂಬಿದ್ದವು. ಪ್ರತಿಯೊಬ್ಬ ಮುಖಂಡರೂ ಎದ್ದು, ಪ್ರಜೆಗಳ ಅನುಕೂಲಕ್ಕಾಗಿ ಆ ಹಳ್ಳಿ ತಮ್ಮ ಕಡೆ ಬರಬೇಕು, ಈ ಹಳ್ಳಿ ಅವರ ಕಡೆ ಹೋಗಬೇಕು ಎನ್ನುತ್ತಿದ್ದರು. ಬರಬೇಕಾದವು ತಮಗೆ ಓಟು ಹಾಕಿದ ಹಳ್ಳಿಗಳು, ಹೋಗಬೇಕಾದವು ಹಾಕದೇ ಇದ್ದವು. ಇದು ತಿಳಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ. ನಾನು ಎದ್ದು ನೀರು ಕುಡಿದು ಬಂದೆ, ಕೂತೆ, ಮತ್ತೆ ಎದ್ದೆ. ಬಾಗಿಲಲ್ಲಿದ್ದ ಪೊಲೀಸನಿಗೆ ನನ್ನ ಮೇಲೆ ಅನುಮಾನ ಹುಟ್ಟಿತು.

ನಮ್ಮ ಸರದಿ ಬಂತು. ಅಧ್ಯಕ್ಷತೆ ವಹಿಸಿದ್ದವರು ಎಲ್ಲಿಂದಲೋ ಬಂದಿದ್ದ ವಯಸ್ಸಾದ ಅಧಿಕಾರಿ, ಕನ್ನಡ ಬಾರದು. ಪಕ್ಕದಲ್ಲೊಬ್ಬ ದುಭಾಷಿ. ನಾನು ನನ್ನ ಇಂಗ್ಲಿಷನ್ನು ಏರುದನಿಯಲ್ಲಿ ಓದತೊಡಗಿದೆ. ಮೊದಲ ಪುಟ ಮುಗಿಯುವ ಮೊದಲೇ ಅವರು ಕೈ ಎತ್ತಿ, ಹಿಂದೆ ನೆಲದ ಮೇಲೆ ಕೂತಿದ್ದ ನಮ್ಮ ಜನರನ್ನು ತೋರಿಸಿ, ‘ಇದು ಇವರ ಅರ್ಜಿ ತಾನೆ? ಇದರಲ್ಲಿ ಏನಿದೆ ಎಂದು ಇವರಿಗೆ ಗೊತ್ತೆ?’ ಎಂದು ಕೇಳಿದರು. ಇನ್ನೂ ಓದಿ ಹೇಳಿಲ್ಲ ಎಂದೆ. ‘ಹಾಗಾದರೆ ಮೊದಲು ಅವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ನಾವು ಕಾಯುತ್ತೇವೆ’ ಎಂದರು.

ನನ್ನ ಸ್ವಂತ ಇಂಗ್ಲಿಷನ್ನು ಕನ್ನಡಕ್ಕೆ ತರುವುದು ಇಷ್ಟು ಕಷ್ಟ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ‘ಸರಳ ಮನಸ್ಸಿನ...’ ಎಂದು ಶುರು ಮಾಡಿದೆ. ‘ಅಕ್ಷರ... ಅಕ್ಷರ ಬಾರದ...’ ಎನ್ನುತ್ತಲೇ ಹಿಂದಿನಿಂದ ಒಂದು ದನಿ, ‘ಯಾರಿಗೆ ಬರೂದಿಲ್ಲ? ನಾ ಮುಲ್ಕಿ ಪರೀಕ್ಷೆ ಪಾಸ್ ಆಗೇನಿ’ ಎಂದಿತು. ‘ಮುಳುಗಡೆಯಾಗಿದ್ದರೂ...’ ಎಂದೆ. ‘ಮುಳುಗಿದ್ದು ಊರೋ ಮಾರಾಯಾ, ನಾವಲ್ಲ!’ ಎಂದು ಇನ್ನೊಬ್ಬ. ಸಭೆ ನಕ್ಕಿತು. ಬೆವರು ಒರೆಸಿಕೊಂಡು, ಆದ್ದರಿಂದ ಮೇಲಿನ ಹಿರೇಬಾವಿಯನ್ನು ಬೈಲಹೊಂಗಲ ಕ್ಷೇತ್ರಕ್ಕೆ ಸೇರಿಸಬೇಕೆಂದು ಪ್ರಾರ್ಥನೆ, ಎಂದು ಮುಗಿಸಿದೆ.

ಗಂಗವ್ವ ಎದ್ದಳು. ‘ಮತ್ತ ಕೆಳಗಿಂದು?’

‘ಅದು... ಅದು ಸವದತ್ತಿಗೇ ಇರ್ತದ, ಅತ್ತಿ.’

‘ಹಿಂಗ ಬರಿ ಅಂತ ಯಾರ ಹೇಳಿದ್ರು?’

ನಾನು ಮಾವನ ಮುಖ ನೋಡಿದೆ, ಮಾವ ಮೇಲಿನ ಫ್ಯಾನು ನೋಡಿದರು. ಗಂಗವ್ವ ತಮ್ಮನನ್ನು ಬಿಟ್ಟು ನೇರವಾಗಿ ಅಧ್ಯಕ್ಷರ ಕಡೆಗೇ ತಿರುಗಿದಳು. ‘ಸಾಹೇಬರ, ಕೇಳ್ರಿ. ನೀರ ಬಂದು ಒಂದ ಊರ ಎರಡ ಹೋಳ ಆತು. ಮಗಳ ಬಾಣಂತನಕ್ಕ ನನಗ ಬಸ್ ಸಿಗಲಿಲ್ಲ, ಕೂಸಿನ ಮಾರಿ ತಿಂಗಳ ಮ್ಯಾಲ ನೋಡೇನಿ. ಅದನ್ನ ಯಾರೂ ಕೇಳಿ ಮಾಡಲಿಲ್ಲ, ಹೋಗಲಿ. ಈಗ ಓಟಿನಾಗೂ ಎರಡ ಮಾಡಿದ್ರ, ಆರಿಸಿ ಬಂದಾಂವ ನಮ್ಮ ಕಷ್ಟಕ್ಕ ಆ ಸೀಮಿಯಾಂವನ್ನ ಕೇಳ್ರಿ ಅಂತಾನ, ಆ ಸೀಮಿಯಾಂವ ಈ ಕಡೆ ಕೈ ಮಾಡ್ತಾನ. ಯಾವ ಕಡೆ ಹಾಕ್ತೀರಿ ಹಾಕ್ರಿ. ನಮ್ಮನ್ನ ಕೂಡೇ ಹಾಕ್ರಿ.’

ದುಭಾಷಿ ಇಂಗ್ಲಿಷಿಗೆ ತಿರುಗಿಸಿದ. ನಾಲ್ಕು ಪುಟ ಬೇಕಾಗಲಿಲ್ಲ. ಮಾವನವರು ಎದ್ದು, ‘ಅಕ್ಕಾ, ಕುಂಡ್ರ. ಹತ್ತಿ ಮಾರೂದು...’ ಎಂದರು. ‘ಹತ್ತಿಗೇನ ಓಟ ಐತೇನೋ?’ ಎಂದಳು ಅವಳು. ಅಕ್ಕ ತಮ್ಮಂದಿರ ಜಗಳ ಸಭೆಯ ನಡಾವಳಿಯಲ್ಲಿ ದಾಖಲಾಗುವ ಹೊತ್ತಿಗೆ ಅಧ್ಯಕ್ಷರು ನಗುತ್ತ, ‘ಹೊರಗೆ ಮರವಿದೆ. ನೀವೆಲ್ಲ ಕೂತು ಒಂದು ಮಾತಿಗೆ ಬಂದು, ಊಟದ ನಂತರ ಬನ್ನಿ’ ಎಂದರು.

ಹೊರಗೆ ದೊಡ್ಡ ಬೇವಿನ ಮರ. ಅಷ್ಟು ಹೊತ್ತಿಗೆ ಕೆಳಗಿನ ಹಿರೇಬಾವಿಯವರೂ ಬಂದಿಳಿದಿದ್ದರು. ಈಗ ಇವರು ತಕ್ಷಣ ಚರ್ಚೆ ಶುರು ಮಾಡುತ್ತಾರೆ, ನಾನು ಠರಾವು ಬರೆದುಕೊಳ್ಳುತ್ತೇನೆ ಎಂದು ಪೆನ್ನು ಬಿಚ್ಚಿ ನಿಂತೆ. ಯಾರೂ ಶುರು ಮಾಡಲಿಲ್ಲ. ‘ನಿನ್ನ ಎಮ್ಮಿ ಈದಿತೇನು?’, ‘ಅಯ್ಯ ಇದು ಯಾರ ಕೂಸವಾ, ಥೇಟ್ ಅಜ್ಜನ ಮೂಗ!’, ‘ನಿಮ್ಮ ಕಡೆ ನೀರಿನ ನಳಾ ಬಂತೇನು?’ ಎಂದು ಎಲ್ಲರೂ ಒಬ್ಬರಿಗೊಬ್ಬರು ಮುಗಿಬಿದ್ದರು. ಊರು ಬಿಟ್ಟ ಮೇಲೆ ಎರಡೂ ಕಡೆಯವರು ಹೀಗೆ ಒಟ್ಟಿಗೆ ಕೂತದ್ದು ಅದೇ ಮೊದಲಂತೆ. ನೀಲವ್ವನ ರೊಟ್ಟಿಯ ಗಂಟು ಬಿಚ್ಚಿತು, ಕೆಳಗಿನವರ ಗುರೆಳ್ಳು ಚಟ್ನಿ ಬಂತು. ನಾನು ಮರದ ಸುತ್ತ ತಿರುಗುತ್ತ, ‘ಹೊತ್ತಾಯ್ತು, ಸಾಹೇಬರು ಕಾಯ್ತಾರ, ಮುಖ್ಯ ವಿಷಯ’ ಎನ್ನುತ್ತಿದ್ದೆ. ‘ಕುಂಡರ್ರಿ ಅಳಿಯಂದಿರ, ಇದೂ ಮುಖ್ಯನ ಐತಿ’ ಎಂದು ಯಾರೋ ಕೈ ಹಿಡಿದು ಕೂರಿಸಿ ರೊಟ್ಟಿ ಕೊಟ್ಟರು.

ಮಾವನವರು ಸ್ವಲ್ಪ ದೂರ, ಬೇರಿನ ಮೇಲೆ ಮುಖ ಬಿಗಿದು ಕೂತಿದ್ದರು. ಗಂಗವ್ವ ಮೊಮ್ಮಗುವನ್ನು ಎತ್ತಿಕೊಂಡು ಹೋಗಿ ಅವರ ತೊಡೆಯ ಮೇಲೆ ಕೂರಿಸಿ ಬಂದಳು. ಕೂಸು ಅವರ ರುಮಾಲಿನ ಸೆರಗು ಹಿಡಿದು ಜಗ್ಗಿತು. ರುಮಾಲು ಬಿಚ್ಚಿ ನೆಲಕ್ಕೆ ಬಿತ್ತು. ಮಾವ ಅದನ್ನು ಮತ್ತೆ ಸುತ್ತಿಕೊಳ್ಳುವ ಗೋಜಿಗೆ ಹೋಗಲಿಲ್ಲ. ‘ಬರೀರಿ ಅಳಿಯಂದಿರ. ಹಳೇ ಊರಿನ ಹೆಸರ ಅಲ್ಲೇ ಐತಿ. ಎರಡೂ ಸವದತ್ತಿಗೆ. ಕೂಡೇ’ ಎಂದರು. ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಓದುತ್ತ ಓದುತ್ತ ಬರೆದೆ. ಪುಟದ ಅರ್ಧಕ್ಕೇ ಮುಗಿಯಿತು. ಅಧ್ಯಕ್ಷರು ಅದನ್ನು ತೆಗೆದುಕೊಂಡರು, ಕೆಲವು ತಿಂಗಳ ಮೇಲೆ ಅಂತಿಮ ಆದೇಶ ಬಂದಾಗ ಎರಡೂ ಹಿರೇಬಾವಿಗಳು ಸವದತ್ತಿಯ ಸಾಲಿನಲ್ಲಿ ಒಂದರ ಪಕ್ಕ ಒಂದು ಅಚ್ಚಾಗಿದ್ದವು. ಮಾವನವರು ಆ ಹಾಳೆಯ ಮೇಲೆ ಬೆರಳಿಟ್ಟು ಎರಡೂ ಹೆಸರನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಖಿ. ಆದರೆ ಬೆಳಗಾವಿಯಲ್ಲಿ ಕಂಡದ್ದನ್ನು ನೀಲವ್ವ ಮರೆಯಲಿಲ್ಲ. ಆ ವರ್ಷವೇ ಕಿತ್ತೂರಿನ ಶಾಲೆಯೊಂದರವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ‘ಹೆಡ್‌ಮಾಸ್ತರ ಆಗಿ ಬರ್ತೀರೇನು?’ ಎಂದರು. ನನ್ನ ಸ್ವಭಾವ ನಿಮಗೆ ಗೊತ್ತು. ನಿಂತ ಕಾಲಮೇಲೆ ಒಪ್ಪಿಬಿಟ್ಟೆ. ಮನೆಗೆ ಬಂದು, ಮುಂದಿನ ತಿಂಗಳು ಸಾಮಾನು ಕಟ್ಟುವುದೆಂದು ಸಾರಿದೆ. ನೀಲವ್ವ ಒಲೆಯ ಮೇಲಿನ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಮಣೆ ಹಾಕಿ ಕೂತಳು. ‘ಇದರ ಕರಡ ಎಲ್ಲಿ ಅಂಟಿಸಿದ್ರಿ?’ ಎಂದಳು. ನಾನು ಬಾಗಿಲ ಕಡೆ ಹೆಜ್ಜೆ ಹಾಕಿದೆ. ‘ಆಕ್ಷೇಪಣಿ ಅದಾವ. ಕುಂಡರ್ರಿ, ಕೇಳ್ರಿ’ ಎಂದಳು.

ವಿಚಾರಣೆ ಅಡಿಗೆಮನೆಯಲ್ಲೇ ಬಹಿರಂಗವಾಗಿ ನಡೆಯಿತು. ಮಕ್ಕಳು ಗೆಳೆಯರನ್ನು ಬಿಟ್ಟು ಬರುವುದಿಲ್ಲವೆಂದರು. ಪಕ್ಕದ ಮನೆಯಾಕೆ ಕಿಟಕಿಯಿಂದಲೇ ಹಾಜರಾಗಿ ತನ್ನ ಅಹವಾಲು ಸಲ್ಲಿಸಿದಳು. ಊರಿಂದ ಬಂದಿದ್ದ ಮಾವನವರು ಕೂಡ, ಈ ಸಲ ಫ್ಯಾನು ನೋಡದೆ, ಮಗಳ ಪರವಾಗಿ ಮಾತಾಡಿದರು. ನನ್ನ ಪರವಾಗಿ ಇಂಗ್ಲಿಷ್ ಒಂದು ಮಾತ್ರ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಅಂತಿಮ ಆದೇಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಲಿಲ್ಲ, ರೊಟ್ಟಿ ಆರುವ ಮೊದಲೇ ಬಂತು. ಕಿತ್ತೂರಿನ ಬಸ್ಸು ಈಗಲೂ ನಮ್ಮ ಓಣಿಯ ತುದಿಯಲ್ಲಿ ಹಾರ್ನು ಹೊಡೆದು ಹೋಗುತ್ತದೆ. ನಾನು ಎದ್ದು ನಿಲ್ಲುತ್ತೇನೆ. ಒಳಗಿನಿಂದ ನೀಲವ್ವ ಕೆಮ್ಮುತ್ತಾಳೆ. ಕೂತುಕೊಳ್ಳುತ್ತೇನೆ.