ಹಿಂದಿನ ಸೀಟಿನ ಭಾರ

ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವನಿಗೆ ಬುದ್ಧಿ ಹೇಳಲು ಈ ಊರಿನಲ್ಲಿ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಅಪರಿಚಿತರು, ಹೊಗೆ ತಪಾಸಣೆ ಮಾಡುವವರು, ಹೂವಿನ ಅಂಗಡಿಯಾಕೆ, ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು, ಎಲ್ಲರದೂ ಒಂದೇ ಪ್ರಶ್ನೆ: "ಇನ್ನೂ ಇಟ್ಕೊಂಡಿದೀರಾ ಇದನ್ನ?" ಮನೆಯಲ್ಲಿ ಹುಲಿಮರಿ ಸಾಕಿಕೊಂಡವನನ್ನು ಕೇಳುವ ಧಾಟಿ ಅದು. ಮದುವೆಯಾದ ವರ್ಷ ಕೊಂಡ ಗಾಡಿ. ಮದುವೆಯಾಗಿ ಈಗ ಇಪ್ಪತ್ತಾರು ವರ್ಷ. "ಹೆಂಡತೀನ ತೋರಿಸಿ ಯಾರೂ ಹೀಗೆ ಕೇಳಲ್ವಲ್ಲ ಸಾರ್" ಎಂದು ಒಮ್ಮೆ ಡ್ರಿಲ್ ಮೇಷ್ಟ್ರ ಹತ್ತಿರ ಜಾಣತನ ತೋರಿಸಿದೆ. ಆ ಮಾತು ಅವರ ಮನೆಯಾಕೆಯ ಮೂಲಕ ನಮ್ಮ ಮನೆ ತಲುಪಲು ಒಂದು ಸಂಜೆ ಸಾಕಾಯಿತು. ನನ್ನ ಜಾಣತನಗಳೆಲ್ಲ ಸಾಮಾನ್ಯವಾಗಿ ಹೀಗೆಯೇ ಮನೆಗೆ ವಾಪಸ್ಸು ಬರುತ್ತವೆ.

ನಾನು ಎನ್.ಆರ್. ಕಾಲೋನಿಯ ಹತ್ತಿರ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ವನಜಾಳ ಆಫೀಸು ಚಾಮರಾಜಪೇಟೆಯಲ್ಲಿ. ಬೆಳಿಗ್ಗೆ ಅವಳನ್ನು ಆಫೀಸಿನ ಬಾಗಿಲಲ್ಲಿ ಇಳಿಸಿ ನಾನು ಶಾಲೆಗೆ ತಿರುಗುತ್ತೇನೆ. ಮನೆಯಿಂದ ಅವಳ ಆಫೀಸಿಗೆ ಹದಿನೈದು ನಿಮಿಷದ ದಾರಿ. ಮನೆಯಲ್ಲಿ ಕುಕ್ಕರಿಗೂ ಟಿವಿಗೂ ನಡುವೆ ಆಡಲಾಗದ ಮಾತನ್ನೆಲ್ಲ ಅವಳು ಆ ಹದಿನೈದು ನಿಮಿಷದಲ್ಲಿ ನನ್ನ ಹೆಲ್ಮೆಟ್ಟಿನ ಹಿಂಭಾಗಕ್ಕೆ ಹೇಳಿ ಮುಗಿಸುತ್ತಾಳೆ. ನನಗೆ ಅರ್ಧ ಕೇಳಿಸುತ್ತದೆ, ಆದರೆ ಪೂರ್ತಿಗೂ "ಹೂಂ" ಅನ್ನುತ್ತೇನೆ. ನಮ್ಮ ಸಂಸಾರ ಸುಸೂತ್ರವಾಗಿ ನಡೆದುಬಂದದ್ದು ಬಹುಮಟ್ಟಿಗೆ ಈ ಏರ್ಪಾಡಿನಿಂದ.

ಇದಕ್ಕೆ ಕಲ್ಲು ಹಾಕಿದ್ದು ಗಾಡಿಯ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು. ಹಿಂಚಕ್ರದ ಅಕ್ಕಪಕ್ಕ ನಿಂತು ರಸ್ತೆಯ ಏಟನ್ನೆಲ್ಲ ತಾವೇ ನುಂಗಿಕೊಂಡು ಬಂದಿದ್ದ ಆ ಜೋಡಿ ಈ ವರ್ಷ ಆಯಿಲ್ ಸುರಿಸತೊಡಗಿತು. ಬಾಗಿಲ ರಂಗೋಲಿಯ ಪಕ್ಕ ದಿನವೂ ಎರಡು ಕಪ್ಪು ಚುಕ್ಕೆ ಬೀಳುತ್ತಿದ್ದವು. ಹಂಪ್ ಬಂದರೆ ಹಿಂದಿನಿಂದ ಮೊದಲು ಟಕ್ ಎಂದು ಗಾಡಿಯ ಸದ್ದು, ಬೆನ್ನಿಗೇ "ಅಯ್ಯಮ್ಮ" ಎಂದು ವನಜಾಳ ಸದ್ದು. ಸ್ಪ್ರಿಂಗಿನ ಮೇಲೆ ಭಾರ ಹೆಚ್ಚಿದಷ್ಟೂ ಅದು ಕುಗ್ಗುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾಲಿಗೆ ನನ್ನದು. ಒಂದು ಬೆಳಿಗ್ಗೆ ಬುಲ್ ಟೆಂಪಲ್ ರೋಡಿನ ಹಂಪಿನ ಮೇಲೆ ಆ ನಾಲಿಗೆ ಹಿಡಿತ ತಪ್ಪಿತು. "ಸ್ಪ್ರಿಂಗ್ ಏನ್ ಮಾಡುತ್ತೆ ವನಜಾ, ಹಿಂದೆ ಭಾರ ಸ್ವಲ್ಪ ಜಾಸ್ತಿಯಾಗಿದೆ" ಅಂದುಬಿಟ್ಟೆ.

"ಗಾಡಿ ನಿಲ್ಸಿ" ಎಂದಳು. ನಿಲ್ಲಿಸಿದೆ. ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡು, "ಅದನ್ನ ಸರಿ ಮಾಡ್ಸೋವರೆಗೂ ನಾನು ಇದರ ಮೇಲೆ ಕೂರಲ್ಲ. ಸರಿ ಹೋಗಲ್ಲ ಅಂದ್ರೆ ಗುಜರಿಗೆ ಹಾಕಿ" ಎಂದು ಆಟೋ ಹತ್ತಿ ಹೊರಟೇ ಹೋದಳು. ಅಂದಿನಿಂದ ಅವಳ ಹೆಲ್ಮೆಟ್ಟು ಮೊಳೆಗೆ ನೇತುಬಿದ್ದಿತು. ಮೊದಲ ಎರಡು ದಿನ ನಾನೂ ಬಿಗಿಯಾಗಿದ್ದೆ. ಮೂರನೆಯ ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನನ್ನಷ್ಟಕ್ಕೆ ನಾನೇ "ಹೂಂ" ಅಂದೆ. ಪಕ್ಕದ ಸ್ಕೂಟರಿನವರು ತಿರುಗಿ ನೋಡಿದರು. ನಿಜ ಹೇಳುತ್ತೇನೆ, ಆಗ ನನಗೆ ತುಂಬ ಬೇಜಾರಾಯಿತು. ಗಾಡಿ ಗುಜರಿಗೆ ಹೋದರೂ ತಡೆದುಕೊಳ್ಳಬಹುದು, ಆ ಹದಿನೈದು ನಿಮಿಷ ಹೋದರೆ ನಮ್ಮಿಬ್ಬರ ನಡುವೆ ಉಳಿಯುವುದು ಗ್ಯಾಸ್ ಬುಕ್ ಮಾಡುವ ಮಾತೊಂದೇ.

ಹೊಸ ಶಾಕ್ ಸಿಗುವಂತಿರಲಿಲ್ಲ. ಈ ಮಾದರಿಯ ಗಾಡಿ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಒಂದು ಅಂಗಡಿಯಲ್ಲಿ ಬೇರೆ ಗಾಡಿಯದ್ದನ್ನು ತಂದು ಸಿಕ್ಕಿಸಿ, "ಸ್ವಲ್ಪ ಎತ್ತರ ಬರುತ್ತೆ ಸಾರ್, ಅಭ್ಯಾಸ ಆಗೋಗುತ್ತೆ" ಎಂದರು. ಹತ್ತಿ ಕೂತರೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ನೆಲ ಮುಟ್ಟದೆ ಬದುಕುವ ಅಭ್ಯಾಸ ಈ ವಯಸ್ಸಿನಲ್ಲಿ ಬೇಡವೆಂದು ಇಳಿದುಬಂದೆ. ಕೊನೆಗೆ ಹೊಗೆ ತಪಾಸಣೆಯವರೇ ದಾರಿ ತೋರಿಸಿದರು: "ಚಾಮರಾಜಪೇಟೇಲಿ ರುದ್ರಪ್ಪನವರು ಅಂತಿದಾರೆ, ಹಳೇ ಶಾಕ್ ಒಂದೇ ಅವರ ವ್ಯಾಪಾರ. ಆದ್ರೆ ಕೇಳಿದ ತಕ್ಷಣ ಕೊಡಲ್ಲ, ವಿಚಾರಣೆ ಮಾಡ್ತಾರೆ."

ರುದ್ರಪ್ಪನವರಿಗೆ ಎಪ್ಪತ್ತರ ಮೇಲಾಗಿರಬೇಕು. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ, ಕೈಯಲ್ಲಿ ಸ್ಪ್ಯಾನರ್. ಹಿರಿಯರ ಕಾಲದಿಂದ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಮನೆತನವಂತೆ. ಅದಕ್ಕೇ ಇರಬೇಕು, ಕಿರಿದಾದ ಆ ಅಂಗಡಿಯಲ್ಲಿ ಶಾಕ್‌ಗಳನ್ನೂ ಸೀರೆಗಳ ಹಾಗೆ ಒರೆಸಿ ಸಾಲಾಗಿ ತೂಗುಹಾಕಿದ್ದರು. ಪ್ರತಿ ಜೋಡಿಗೂ ದಾರ ಸುತ್ತಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಚೀಟಿಯಲ್ಲಿ ಬೆಲೆ ಇರಲಿಲ್ಲ. ಆ ಜೋಡಿ ಹಿಂದಿನ ಗಾಡಿಯಲ್ಲಿ ಯಾರನ್ನು ಹೊತ್ತಿತ್ತು ಎಂಬುದನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. "ಪೋಸ್ಟಿನವರು, ಒಬ್ಬರೇ." "ಹಾಲಿನ ಕ್ಯಾನು, ನಾಲ್ಕು." "ಗಂಡ, ಹೆಂಡತಿ, ಇಬ್ಬರು ಮಕ್ಕಳು, ಭಾನುವಾರ ಅತ್ತೆ." ನಾನು ಕೊನೆಯ ಚೀಟಿಯ ಮುಂದೆ ಗೌರವದಿಂದ ನಿಂತೆ.

"ಸ್ಪ್ರಿಂಗ್ ಏನು ಹೊತ್ತು ಅಭ್ಯಾಸವಾಗಿದ್ಯೋ ಅದನ್ನೇ ಹೊರ್ಬೇಕು ಮೇಷ್ಟ್ರೆ" ಎಂದರು ರುದ್ರಪ್ಪನವರು. "ಹಾಲಿನ ಕ್ಯಾನಿಂದು ಸಂಸಾರಕ್ಕೆ ಹಾಕಿದ್ರೆ ಎತ್ತಿ ಎತ್ತಿ ಒಗೆಯುತ್ತೆ. ನಿಮ್ಮ ಹಿಂದೆ ಕೂರೋದು ಯಾರು?"

"ಮನೆಯವರು."

"ತೂಕ?"

ಇಪ್ಪತ್ತಾರು ವರ್ಷದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದು. ಹಂಪಿನ ಟಕ್ ನೆನೆಸಿಕೊಂಡು, ಸುತ್ತ ನೋಡಿ, ದನಿ ತಗ್ಗಿಸಿ, "ಎಪ್ಪತ್ತೆರಡು ಇರಬಹುದು" ಎಂದೆ. "ನಿಮ್ದು?" ಎಂದರು. "ಅರವತ್ತೆಂಟು" ಎಂದು ಗಟ್ಟಿಯಾಗಿ ಹೇಳಿದೆ. ಇದು ಸುಳ್ಳಲ್ಲ. ಕೆಲಸಕ್ಕೆ ಸೇರುವಾಗ ಕೊಟ್ಟ ಡಾಕ್ಟರ್ ಸರ್ಟಿಫಿಕೇಟಿನಲ್ಲಿ ಸ್ಪಷ್ಟವಾಗಿ ಹಾಗೆ ಬರೆದಿದೆ. ರುದ್ರಪ್ಪನವರು ನನ್ನ ಷರ್ಟಿನ ಗುಂಡಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ನನ್ನ ಗಾಡಿಯದೇ ಮಾದರಿಯ ಒಂದು ಜೋಡಿ ಇಳಿಸಿ, ಹೊಸ ಚೀಟಿಯಲ್ಲಿ "ಮೇಷ್ಟ್ರು 68, ಮನೆಯವರು 72" ಎಂದು ಬರೆದು ಕಟ್ಟಿ ಪಕ್ಕಕ್ಕಿಟ್ಟರು.

"ಹಾಕ್ಕೊಡಿ ಮತ್ತೆ" ಎಂದೆ.

"ಕೂರೋರು ಬರ್ಬೇಕು. ಅವರು ಬಂದು ಕೂತು ನೋಡದೆ ನಾನು ಬೋಲ್ಟ್ ಬಿಗಿ ಮಾಡಲ್ಲ. ಶನಿವಾರ ಕರ್ಕೊಂಡ್ ಬನ್ನಿ."

ವನಜಾಳಿಗೆ ಇದನ್ನು ಹೇಳಲು ನಾನೇ ಎರಡು ಸಲ ಕಾಫಿ ಮಾಡಬೇಕಾಯಿತು. "ನಾನ್ಯಾಕೆ? ತೂಕ ಹಾಕ್ತಾರಾ?" ಎಂದಳು. "ಛೆ ಛೆ" ಎಂದೆ. ಶನಿವಾರ ಅವಳು ಬಂದಳು, ಆಟೋದಲ್ಲಿ. ನಾನು ಖಾಲಿ ಗಾಡಿಯಲ್ಲಿ ಹಿಂದೆ ಹಿಂದೆ ಬಂದೆ. ಆ ಚೀಟಿಯನ್ನು ಮೊದಲು ಹರಿದು ಜೇಬಿಗೆ ಹಾಕಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದರೆ, ಅವಳು ಆಗಲೇ ಅದನ್ನು ಕೈಯಲ್ಲಿ ಹಿಡಿದು ಓದುತ್ತಿದ್ದಳು.

"ಮನೆಯವರು ಅಂದ್ರೆ ಯಾರು ಇದು?" ಎಂದಳು.

ನಾನು ಮೇಲೆ ತೂಗಾಡುತ್ತಿದ್ದ ಹಾಲಿನ ಕ್ಯಾನಿನ ಚೀಟಿಯನ್ನು ಅತ್ಯಂತ ಆಸಕ್ತಿಯಿಂದ ಓದತೊಡಗಿದೆ. ರುದ್ರಪ್ಪನವರು ಬೋಲ್ಟ್ ಬಿಗಿಮಾಡದೆ ಶಾಕ್ ಜೋಡಿಸಿ, "ಬನ್ನಿ ತಾಯಿ, ಹಿಂದೆ ಕೂತ್ಕೊಳಿ" ಎಂದರು. ಅವಳು ಕೂತಳು. ಅವರು ಕುಕ್ಕರಗಾಲಲ್ಲಿ ಕೂತು, ಹಿಂಭಾಗ ಎಷ್ಟು ಇಳಿಯಿತೆಂದು ಬೆರಳಿಟ್ಟು ಅಳೆದರು. "ಎರಡು ಬೆರಳು" ಎಂದರು. "ಮೇಷ್ಟ್ರೆ, ಈಗ ನೀವು ಅದೇ ಸೀಟಲ್ಲಿ ಕೂತ್ಕೊಳಿ." ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲವೆಂಬುದೂ ಆಗಲೇ ಗೊತ್ತಾದದ್ದು. ರುದ್ರಪ್ಪನವರು ಅಳೆದರು. ಇಳಿಯಲು ಹೇಳಿದರು, ಮತ್ತೆ ಕೂರಿಸಿದರು, ಮತ್ತೆ ಅಳೆದರು.

"ನಾಲ್ಕು" ಎಂದು ಎದ್ದು ನಿಂತರು. "ಒಂದು ಸ್ವಲ್ಪ ಮೇಲೇನೇ."

ಆಮೇಲೆ ಅವರು ನನ್ನ ಹಳೆಯ ಜೋಡಿಯನ್ನು ಒತ್ತಿ ನೋಡಿ, "ದಿನಾ ಎರಡು ಹೊತ್ತೂ ಇದರ ಮೇಲೆ ಕೂತಿರೋರು ನೀವು. ಅಮ್ಮನವರಿಂದ ಹೋಗಿರೋದಲ್ಲ ಇದು" ಎಂದರು. ಚೀಟಿಯಲ್ಲಿದ್ದ ಎರಡು ಅಂಕಿಗಳನ್ನೂ ಹೊಡೆದುಹಾಕಿದರು. ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ. ತಿರುಗಿಸಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಎರಡನೆಯ ಮೆಟ್ಟಿಲಿನಲ್ಲಿದ್ದುದನ್ನು ಸ್ಪ್ಯಾನರ್ ಹಾಕಿ ಮೂರಕ್ಕೆ ತಂದರು, ನಾಲ್ಕಕ್ಕೆ ತಂದರು, ನನ್ನ ಹೊಟ್ಟೆಯ ಕಡೆ ನೋಡಿ ಐದಕ್ಕೂ ತಂದರು. "ಇದೇ ಕೊನೇದು ಮೇಷ್ಟ್ರೆ. ಇನ್ಮೇಲೆ ಏನಿದ್ರೂ ನೀವೇ ಕಮ್ಮಿಯಾಗ್ಬೇಕು."

ವನಜಾ ಆ ಚೀಟಿಯನ್ನು ಇನ್ನೊಮ್ಮೆ ಓದಿ ಕೆಳಗಿಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೈಚೀಲದಿಂದ ಹೆಲ್ಮೆಟ್ ತೆಗೆದು ಹಾಕಿಕೊಂಡು ಹಿಂದೆ ಕೂತಳು. ಆಟೋದಲ್ಲಿ ಬಂದವಳು ಹೆಲ್ಮೆಟ್ ತಂದಿದ್ದಳು ಎಂಬುದು ನನಗೆ ಹೊಳೆದದ್ದು ಆಗ. ಆ ಸಂತೋಷದಲ್ಲಿ ಎರಡು ಸಲ ಕಿಕ್ ತಪ್ಪಿಸಿದೆ. ಬುಲ್ ಟೆಂಪಲ್ ರೋಡಿನ ಅದೇ ಹಂಪು ಬಂತು, ಹೋಯಿತು, ಹಿಂದಿನಿಂದ ಯಾವ ಸದ್ದೂ ಇಲ್ಲ. ಅಷ್ಟರಲ್ಲಿ ಅವಳು ತನ್ನ ಆಫೀಸಿನ ಹೊಸ ಮ್ಯಾನೇಜರರ ಕತೆ ಶುರುಮಾಡಿದ್ದಳು. ಮೂರು ವಾರದ ಬಾಕಿ ಮಾತು. ನಾನು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ಗಾಂಧಿ ಬಜಾರಿನಲ್ಲಿ ದೋಸೆಯ ವಾಸನೆಗೆ ಎಂದಿನಂತೆ ಗಾಡಿ ತಾನಾಗಿ ನಿಧಾನವಾದಾಗ ಮಾತ್ರ ಅವಳು ಕತೆ ನಿಲ್ಲಿಸಿ, "ನಡೀರಿ, ಐದನೇ ಮೆಟ್ಟಿಲಲ್ಲಿದೀರ" ಎಂದಳು.

ಹೋದ ವಾರ ಒಂದು ನಟ್ಟು ಬಿಗಿ ಮಾಡಿಸಲು ರುದ್ರಪ್ಪನವರ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ಜೋಡಿ ಹೊಸ ಆಯಿಲ್ ಸೀಲ್ ಹಾಕಿಸಿಕೊಂಡು, ಬಣ್ಣ ಬಳಿಸಿಕೊಂಡು, ಬೀದಿಗೆ ಕಾಣುವಂತೆ ಮುಂದಿನ ಸಾಲಿನಲ್ಲೇ ತೂಗುತ್ತಿತ್ತು. ಅದರ ಚೀಟಿಯಲ್ಲಿ ಬರೆದಿತ್ತು: "ಸೈನ್ಸ್ ಮೇಷ್ಟ್ರು. ಹೆಂಡತಿ ಹಗುರ." ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಓಡಾಡುವ ಬೀದಿ ಅದು. ತಕ್ಷಣ ಒಂದು ಉಪಾಯ ಮಾಡಿ, "ಈ ಜೋಡೀನೂ ಕೊಟ್ಬಿಡಿ, ಮುಂದೆ ಬೇಕಾಗುತ್ತೆ" ಎಂದೆ.

ರುದ್ರಪ್ಪನವರು ತಲೆ ಎತ್ತದೆ, "ಅದು ನಿಮಗಾಗಲ್ಲ ಮೇಷ್ಟ್ರೆ, ನಿಮ್ಮ ಭಾರ ತಡೆಯಲ್ಲ" ಎಂದರು.

ಹಗುರವಾದ ಗಿರಾಕಿ ಯಾರಾದರೂ ಬಂದು ಅದನ್ನು ಕೊಂಡೊಯ್ಯುವವರೆಗೆ ಆ ಬೀದಿಯಲ್ಲಿ ನಾನು ಹೆಲ್ಮೆಟ್ ತೆಗೆಯುವುದಿಲ್ಲ. ಗಾಡಿಯನ್ನು ಮಾತ್ರ ಎಲ್ಲರೂ ಗುರುತು ಹಿಡಿಯುತ್ತಾರೆ.